ಪಬ್ಲಿಕ್ ಕೀ ಅಲ್ಲ, ಪಬ್ಲಿಕ್ ಬೀಗ

ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಗಳ ಬಗ್ಗೆ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಕಮಾಂಡ್‌ಗಳನ್ನು ಪರದೆ ಮೇಲೆ ತೋರಿಸಿದ್ದೆ. ಇಲ್ಲಿ ಅವನ್ನು ಬಾಯಲ್ಲಿ ಹೇಳಿದ ಹಾಗೆಯೇ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೈ ಎತ್ತಿಸುವ ಕೆಲಸ. ‘ಪರ್ಮಿಷನ್ ಡಿನೈಡ್, ಪಬ್ಲಿಕ್‌ಕೀ’ ಅನ್ನುವ ಸಾಲನ್ನು ಒಮ್ಮೆಯಾದರೂ ನೋಡಿದವರು ಎಷ್ಟು ಜನ? ಹ್ಞಾಂ, ಹೆಚ್ಚುಕಡಿಮೆ ಎಲ್ಲರೂ. ಈಗ ಇನ್ನೊಂದು ಪ್ರಶ್ನೆ. ಅದು ಸರಿಹೋದ ಮೇಲೆ ಯಾಕೆ ಸರಿಹೋಯಿತು ಅಂತ ಹೇಳಬಲ್ಲವರು? ಮೂರು ಕೈ. ಅದರಲ್ಲೂ ಒಂದು ಅರ್ಧಕ್ಕೇ ನಿಂತಿದೆ.

ನಾಚಿಕೆ ಬೇಡ. ಐದಾರು ವರ್ಷ ನಾನೂ ಆ ಅರ್ಧ ಕೈಯವನೇ. ಎಲ್ಲಿಂದಲೋ ನಾಲ್ಕು ಕಮಾಂಡ್ ಕಾಪಿ ಮಾಡುವುದು, ಪೇಸ್ಟ್ ಮಾಡುವುದು, ಎಲ್ಲದಕ್ಕೂ ಎಂಟರ್ ಒತ್ತುವುದು. ಕೆಲಸ ಆಯಿತು ಅಂದರೆ ಕಿಟಕಿ ಮುಚ್ಚುವುದು. ಹೊಸ ಲ್ಯಾಪ್‌ಟಾಪ್ ಬಂದಾಗ ಮತ್ತೆ ಅದೇ ಪೂಜೆ. ಇವತ್ತು ಆ ನಾಲ್ಕು ಕಮಾಂಡ್‌ಗಳ ಒಳಗೆ ಏನಿದೆ ಅಂತ ನಿಧಾನವಾಗಿ ನೋಡೋಣ.

ಮೊದಲು, ಪಾಸ್‌ವರ್ಡ್ ಏನು ತಪ್ಪು ಮಾಡಿತ್ತು? ಅದರ ತೊಂದರೆ ಒಂದೇ. ನೀವು ಯಾರು ಅಂತ ತೋರಿಸಬೇಕಾದರೆ ಗುಟ್ಟನ್ನೇ ಎದುರಿನವರ ಕೈಗೆ ಕೊಡಬೇಕು. ಪ್ರತಿ ಸಲವೂ. ದಾರಿಯಲ್ಲಿ ಯಾರೋ ಕದ್ದು ಕೇಳಿದರೆ ಅಲ್ಲಿಗೆ ಮುಗಿಯಿತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಆದದ್ದು ಇದೇ. ಪಾಸ್‌ವರ್ಡ್‌ಗಳು ಬರೀ ಅಕ್ಷರಗಳಾಗಿ ತಂತಿಯಲ್ಲಿ ಓಡಾಡುತ್ತಿದ್ದವು, ಯಾರೋ ಕುಳಿತು ಅವನ್ನು ಹಿಡಿದುಕೊಂಡರು. ಅಲ್ಲಿದ್ದ ಟಾಟು ಯುಲೋನೆನ್ ಇದರಿಂದ ಬೇಸತ್ತು ಎಸ್‌ಎಸ್‌ಎಚ್ ಬರೆದರು. ಇಂದು ಎಲ್ಲರೂ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್‌ನವರ ಕೈಯಿಂದ ಬಂತು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಹುಟ್ಟಿದ್ದು 2005ರಲ್ಲಿ. ಅದು ಬರುವಷ್ಟರಲ್ಲಿ ದಾರಿ ಸಿದ್ಧವಾಗಿತ್ತು. ಆದರೂ ಜನ ಪಾಸ್‌ವರ್ಡ್ ಬಿಡಲಿಲ್ಲ. ಕೊನೆಗೆ 2021ರ ಆಗಸ್ಟ್ 13ರಂದು, ಗಿಟ್ ಕೋಡನ್ನು ಇಡುವ ತಾಣವಾದ ಗಿಟ್‌ಹಬ್‌ನವರೇ ಗಿಟ್ ಕೆಲಸಗಳಿಗೆ ಅಕೌಂಟ್ ಪಾಸ್‌ವರ್ಡ್ ನಡೆಯುವುದಿಲ್ಲ ಅಂದುಬಿಟ್ಟರು. ಆ ದಿನ ಪುಶ್, ಅಂದರೆ ಕೋಡ್ ಕಳಿಸುವುದು, ಆಗದೆ ತಲೆ ಚಚ್ಚಿಕೊಂಡವರಲ್ಲಿ ಎಷ್ಟೋ ಜನ ಎಸ್‌ಎಸ್‌ಎಚ್ ಕಡೆ ತಿರುಗಿದರು.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ‘ಪಬ್ಲಿಕ್ ಕೀ’, ‘ಪ್ರೈವೇಟ್ ಕೀ’. ಎರಡಕ್ಕೂ ಕೀ ಅಂತ ಹೆಸರಿಟ್ಟರಲ್ಲ, ಗೊಂದಲದ ಬೇರು ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ನಮ್ಮ ಭಾಷೆಯಲ್ಲಿ ಬೀಗ ಬೇರೆ, ಬೀಗದ ಕೈ ಬೇರೆ. ಪಬ್ಲಿಕ್ ಕೀ ಅನ್ನುವುದು ನಿಜಕ್ಕೂ ಬೀಗ. ಬೀಗವನ್ನು ಎಷ್ಟು ಬಾಗಿಲಿಗೆ ಬೇಕಾದರೂ ಜಡಿಯಿರಿ, ಊರಿಗೆಲ್ಲ ಹಂಚಿ, ಯಾರಿಗೆ ಸಿಕ್ಕರೂ ಕಳೆದುಕೊಳ್ಳುವುದು ಏನೂ ಇಲ್ಲ. ಪ್ರೈವೇಟ್ ಕೀ ಒಂದೇ ಬೀಗದ ಕೈ. ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ನೀವು ಪೇಸ್ಟ್ ಮಾಡುವುದು ಬೀಗವನ್ನು. ‘ಇದು ನನ್ನ ಬೀಗ, ನನ್ನ ಬಾಗಿಲಿಗೆ ಇದನ್ನೇ ಹಾಕಿ’ ಅಂತ.

ಹಿಂದಿನ ಸಾಲಿನಲ್ಲಿ ಒಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. ಗೊತ್ತಾಯಿತು, ಈ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಮನೆಯ ಬೀಗ ತೆಗೆಯಲು ಬೀಗದ ಕೈಯನ್ನು ಅದರೊಳಗೆ ತೂರಿಸಬೇಕು. ಇಲ್ಲಿ ಬೀಗದ ಕೈ ಬಾಗಿಲ ಹತ್ತಿರವೂ ಸುಳಿಯುವುದಿಲ್ಲ. ನಡೆಯುವುದು ಹೀಗೆ. ನಿಮ್ಮ ಯಂತ್ರ ಮತ್ತು ಸರ್ವರ್ ಮೊದಲು ತಮ್ಮ ನಡುವೆ ಒಂದು ಗುಟ್ಟಿನ ಸುರಂಗ ಹಾಕಿಕೊಳ್ಳುತ್ತವೆ. ಆ ಸುರಂಗಕ್ಕೆ ಅಂತಲೇ ಒಂದು ಗುರುತು ಹುಟ್ಟುತ್ತದೆ. ಸಂಪರ್ಕ ಮುಗಿದರೆ ಗುರುತೂ ಮುಗಿಯಿತು, ಮತ್ತೆಂದೂ ಅದೇ ಬರುವುದಿಲ್ಲ. ನಿಮ್ಮ ಯಂತ್ರ ‘ಇಂಥ ಬೀಗದ ಕೈ ನನ್ನ ಹತ್ತಿರ ಇದೆ’ ಅನ್ನುತ್ತದೆ. ಸರ್ವರ್ ತನ್ನ ಪಟ್ಟಿ ನೋಡಿ ‘ಆ ಬೀಗ ನಮ್ಮಲ್ಲಿ ಇದೆ, ಸಾಬೀತು ಮಾಡು’ ಅನ್ನುತ್ತದೆ. ಆಗ ಯಂತ್ರ ಪ್ರೈವೇಟ್ ಕೀಯಿಂದ ಆ ಗುರುತಿನ ಮೇಲೆ ಸಹಿ ಹಾಕಿ, ಸಹಿಯನ್ನು ಮಾತ್ರ ಕಳಿಸುತ್ತದೆ. ಸಹಿ ಸರಿಯೋ ತಪ್ಪೋ ನೋಡಲು ಸರ್ವರ್‌ಗೆ ಪಬ್ಲಿಕ್ ಕೀ ಸಾಕು. ಆ ಸಹಿಯನ್ನು ಯಾರಾದರೂ ಕದ್ದರೆ? ಬೇರೆ ಸಂಪರ್ಕದ ಗುರುತೇ ಬೇರೆ, ಹಾಗಾಗಿ ಅದು ಹಳೇ ಸಿನಿಮಾ ಟಿಕೆಟ್ ಇದ್ದ ಹಾಗೆ.

ಇದರಲ್ಲಿ ಗಮನಿಸಬೇಕಾದ್ದು ಇಷ್ಟು. ಪ್ರೈವೇಟ್ ಕೀ ಎಲ್ಲಿಗೂ ಹೋಗಲಿಲ್ಲ. ಹುಟ್ಟಿದ ಜಾಗದಲ್ಲೇ ಕೂತು ಸಹಿ ಹಾಕಿತು. ಮುಂದೆ ನಾನು ಹೇಳುವ ಅವಾಂತರಗಳಲ್ಲಿ ಹಲವು, ನನ್ನದೂ ಸೇರಿ, ಪ್ರಯಾಣ ಮಾಡಬಾರದ ಈ ವಸ್ತುವನ್ನು ಪ್ರಯಾಣಕ್ಕೆ ಹೊರಡಿಸಿದ್ದರಿಂದ ಆದವು.

ಸರಿ, ಕೀ ಮಾಡೋಣ. ಟರ್ಮಿನಲ್ ತೆರೆಯಿರಿ. ಎಸ್‌ಎಸ್‌ಎಚ್-ಕೀಜೆನ್, ಸ್ಪೇಸ್, ಹೈಫನ್ ಟಿ, ಇಡಿ25519, ಆಮೇಲೆ ಹೈಫನ್ ದೊಡ್ಡ ಸಿ, ಕೋಟ್‌ನಲ್ಲಿ ಒಂದು ಹೆಸರು. ಟಿ ಅಂದರೆ ಯಾವ ಬಗೆಯ ಕೀ ಅಂತ. ದೊಡ್ಡ ಸಿ ಅಂದರೆ ಕಮೆಂಟ್. ಅಲ್ಲಿ ತುಂಬಾ ಜನ ಇಮೇಲ್ ವಿಳಾಸ ಹಾಕುತ್ತಾರೆ. ಎಲ್ಲ ಕಡೆ ಹಾಗೇ ತೋರಿಸುತ್ತಾರೆ, ಅದಕ್ಕೇ. ಆದರೆ ಆ ಜಾಗಕ್ಕೆ ಇಮೇಲ್ ಬೇಕೇ ಬೇಕು ಅಂತ ಏನಿಲ್ಲ, ಅದು ಸುಮ್ನೆ ಒಂದು ಚೀಟಿ. ನಾನು ಯಂತ್ರದ ಹೆಸರು ಮತ್ತು ವರ್ಷ ಬರೆಯುತ್ತೇನೆ. ‘ಕಪ್ಪು ಲ್ಯಾಪ್‌ಟಾಪ್ 2024’ ಅಂತ. ಮೂರು ವರ್ಷ ಬಿಟ್ಟು ನಿಮ್ಮ ಅಕೌಂಟಿನಲ್ಲಿ ಐದು ಕೀ ಇದ್ದು ಐದಕ್ಕೂ ಒಂದೇ ಇಮೇಲ್ ಇದ್ದರೆ ಯಾವುದನ್ನು ತೆಗೆಯುತ್ತೀರಿ?

ಇಡಿ25519 ಅನ್ನುವುದು ರೇಷನ್ ಕಾರ್ಡ್ ನಂಬರ್ ಥರ ಕಾಣುತ್ತದೆ, ಅಲ್ವಾ? ಅದರಲ್ಲಿ ಅರ್ಥ ಇದೆ. ಎರಡರ 255ನೇ ಘಾತದಿಂದ 19 ಕಳೆದರೆ ಬರುವ ಅವಿಭಾಜ್ಯ ಸಂಖ್ಯೆಯ ಮೇಲೆ ಇದರ ಲೆಕ್ಕ ನಿಂತಿದೆ. ಅದಕ್ಕೇ 255, 19. ‘ಇಡಿ’ ಬಂದಿದ್ದು ಎಡ್ವರ್ಡ್ಸ್ ಅನ್ನುವ ಗಣಿತಜ್ಞರ ಹೆಸರಿನಿಂದ. 2011ರಲ್ಲಿ ಬಂದ ವಿಧಾನ, 2014ರಲ್ಲಿ ಓಪನ್‌ಎಸ್‌ಎಸ್‌ಎಚ್‌ಗೆ ಸೇರಿತು, 2023ರಿಂದ ಅಲ್ಲಿ ಬಗೆ ಹೇಳದಿದ್ದರೂ ಇದೇ ಬರುತ್ತದೆ. ಹಳೇ ಬಗೆಯಾದ ಆರ್‌ಎಸ್‌ಎ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಳೇ ಸರ್ವರ್ ಹೊಸದನ್ನು ಒಪ್ಪದಿದ್ದರೆ 4096 ಬಿಟ್‌ನ ಆರ್‌ಎಸ್‌ಎ ಮಾಡಿ, ಚಿಂತೆ ಇಲ್ಲ. ಬೇರೆ ಕಾರಣ ಇಲ್ಲದಿದ್ದರೆ ಇಡಿ25519. ಡಿಎಸ್‌ಎ ಅನ್ನುವ ಬಗೆ ಮಾಡಿ ಅಂತ ಎಲ್ಲಾದರೂ ಬರೆದಿದ್ದರೆ ಆ ಪುಟ ಮುಚ್ಚಿ, ಅದು ಹಳೇ ಕಾಲದ ಬರಹ.

ಎಂಟರ್ ಒತ್ತಿದರೆ ಮೊದಲು ಫೈಲ್ ಎಲ್ಲಿ ಇಡಲಿ ಅಂತ ಕೇಳುತ್ತದೆ. ಮನೆ ಫೋಲ್ಡರ್‌ನೊಳಗೆ ಡಾಟ್ ಎಸ್‌ಎಸ್‌ಎಚ್ ಅನ್ನುವ ಅಡಗಿದ ಫೋಲ್ಡರ್. ಇರಲಿ ಬಿಡಿ. ಆದರೆ ಅಲ್ಲಿ ಈಗಾಗಲೇ ಅದೇ ಹೆಸರಿನ ಕೀ ಇದ್ದರೆ ‘ಓವರ್‌ರೈಟ್?’ ಅಂತ ಕೇಳುತ್ತದೆ. ದಯವಿಟ್ಟು ಕಣ್ಣು ಮುಚ್ಚಿ ವೈ ಒತ್ತಬೇಡಿ. ಹಳೇ ಕೀ ಹೋಯಿತು ಅಂದರೆ ಹೋಯಿತು.

ಮುಂದಿನದು ಪಾಸ್‌ಫ್ರೇಸ್, ಕೀ ಫೈಲಿಗೇ ಹಾಕುವ ಪಾಸ್‌ವರ್ಡ್. ಇಲ್ಲಿ ಎರಡು ಸಲ ಖಾಲಿ ಎಂಟರ್ ಒತ್ತದವರು ಯಾರು? ಯಾರೂ ಇಲ್ಲ. ನಾನೂ ಒತ್ತುತ್ತಿದ್ದೆ. ಖಾಲಿ ಬಿಟ್ಟರೆ ಬೀಗದ ಕೈ ಡಿಸ್ಕಿನ ಮೇಲೆ ಹಾಗೇ ಬಿದ್ದಿರುತ್ತದೆ. ಆ ಫೈಲನ್ನು ಓದಬಲ್ಲ ಯಾವ ಪ್ರೋಗ್ರಾಂ ಆದರೂ, ಎಲ್ಲಿಂದಲೋ ಇನ್‌ಸ್ಟಾಲ್ ಮಾಡಿಕೊಂಡ ಪ್ಯಾಕೇಜ್ ಆದರೂ, ನಿಮ್ಮ ಹೆಸರಿನಲ್ಲಿ ಪುಶ್ ಮಾಡಬಹುದು. ಪಾಸ್‌ಫ್ರೇಸ್ ಹಾಕಿದರೆ ಫೈಲ್ ಕದ್ದವನಿಗೆ ಇನ್ನೂ ಒಂದು ಬಾಗಿಲು ಬಾಕಿ. ಟೈಪ್ ಮಾಡುವಾಗ ಪರದೆ ಮೇಲೆ ಚುಕ್ಕಿ ಕೂಡ ಬರುವುದಿಲ್ಲ, ಕೀಬೋರ್ಡ್ ಕೆಟ್ಟಿತು ಅಂದುಕೊಳ್ಳಬೇಡಿ. ಈ ಪಾಸ್‌ಫ್ರೇಸ್ ಗಿಟ್‌ಹಬ್‌ಗೂ ಹೋಗುವುದಿಲ್ಲ, ಯಾವ ಸರ್ವರ್‌ಗೂ ಹೋಗುವುದಿಲ್ಲ. ನಿಮ್ಮ ಡಿಸ್ಕಿನ ಮೇಲಿರುವ ಫೈಲಿಗೆ ಅಷ್ಟೇ ಅದು. ಈಗಾಗಲೇ ಖಾಲಿ ಬಿಟ್ಟವರು ಎಸ್‌ಎಸ್‌ಎಚ್-ಕೀಜೆನ್ ಹೈಫನ್ ಪಿ ಅಂತ ಕೊಟ್ಟು ಈಗಲೂ ಹಾಕಬಹುದು. ಕೀ ಬದಲಾಗುವುದಿಲ್ಲ, ಬೀಗ ಬದಲಿಸಬೇಕಾಗಿಲ್ಲ.

ಕೊನೆಗೆ ಪರದೆ ಮೇಲೆ ಚುಕ್ಕಿ, ಸೊನ್ನೆ, ಪ್ಲಸ್ ಗುರುತುಗಳ ಒಂದು ಚಿಕ್ಕ ಚೌಕದ ಚಿತ್ರ ಮೂಡುತ್ತದೆ. ಅದು ಕೀಯ ಮುಖಚಿತ್ರ ಇದ್ದ ಹಾಗೆ, ಒಂದೊಂದು ಕೀಗೆ ಒಂದೊಂದು. ನೋಡಿ ಖುಷಿಪಡಿ, ಮುಂದೆ ಹೋಗಿ.

ಒಂದು ನಿಮಿಷ ಬೇರೆ ಕಡೆ ಹೋಗುತ್ತೇನೆ. ಆ ಕೀ ಹುಟ್ಟುವಾಗ ಯಂತ್ರ ಒಂದು ಸಂಖ್ಯೆಯನ್ನು ಪೂರ್ತಿ ಕುರುಡಾಗಿ ಆರಿಸಬೇಕು. ಅಲ್ಲಿ ಎಡವಿದರೆ ಮಿಕ್ಕ ಗಣಿತ ಎಲ್ಲ ನೀರಲ್ಲಿ ಹೋಮ. 2006ರಲ್ಲಿ ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ಅನ್ನುವ ಗೂಢಲಿಪಿ ಪ್ಯಾಕೇಜಿನಲ್ಲಿ, ಒಂದು ತಪಾಸಣೆ ಉಪಕರಣದ ಎಚ್ಚರಿಕೆ ನಿಲ್ಲಿಸಲು ಹೋಗಿ ಕೋಡಿನ ಸಾಲು ತೆಗೆದರು. ಅದರ ಜೊತೆಗೆ ಯಾದೃಚ್ಛಿಕತೆಯೂ ಹೋಯಿತು. ಉಳಿದಿದ್ದು ಪ್ರೋಸೆಸ್ ನಂಬರ್ ಮಾತ್ರ. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಗೆ, ಹುಟ್ಟಬಹುದಾದ ಒಟ್ಟು ಕೀಗಳು ಸುಮಾರು 32 ಸಾವಿರ. ಅಷ್ಟನ್ನೂ ಒಂದು ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ಒಂದೊಂದಾಗಿ ಬಾಗಿಲಿಗೆ ಹಾಕಿ ನೋಡಬಹುದಿತ್ತು. ಗೊತ್ತಾಗಿದ್ದು 2008ರ ಮೇ ತಿಂಗಳಲ್ಲಿ, ಎರಡು ವರ್ಷದ ಮೇಲೆ. 2015ರಲ್ಲಿ ಒಬ್ಬ ಸಂಶೋಧಕ ಹುಡುಕಿದಾಗ ಗಿಟ್‌ಹಬ್ ಅಕೌಂಟ್‌ಗಳಲ್ಲಿ ಆ ದುರ್ಬಲ ಕೀಗಳು ಇನ್ನೂ ಇದ್ದವು. ಹಳೇ ಕೀಯನ್ನು ಹೊಸ ಯಂತ್ರಕ್ಕೆ ಹೊತ್ತುಕೊಂಡು ಹೋಗುವವರಿಗೆ ನಾನು ಮೊದಲು ಹೇಳುವ ಕಥೆ ಇದು.

ಅವನು ಹೇಗೆ ಹುಡುಕಿದ ಅಂತ ಕೇಳುತ್ತೀರಾ? ಸುಲಭ. ಗಿಟ್‌ಹಬ್‌ನಲ್ಲಿ ಯಾರ ಪುಟದ ವಿಳಾಸದ ಕೊನೆಗಾದರೂ ಡಾಟ್ ಕೀಸ್ ಅಂತ ಸೇರಿಸಿ. ಅವರ ಪಬ್ಲಿಕ್ ಕೀಗಳೆಲ್ಲ ಬರುತ್ತವೆ. ಲಾಗಿನ್ ಕೂಡ ಬೇಡ. ಬೀಗ ಊರಿಗೆಲ್ಲ ಹಂಚಬಹುದು ಅಂದೆನಲ್ಲ, ಇದೇ ಅದು.

ಈಗ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ ನೋಡಿ. ಎರಡು ಫೈಲ್. ಒಂದು ಐಡಿ ಅಂಡರ್‌ಸ್ಕೋರ್ ಇಡಿ25519. ಇನ್ನೊಂದರ ಹೆಸರೂ ಅದೇ, ಬಾಲದಲ್ಲಿ ಡಾಟ್ ಪಬ್. ಜಗತ್ತಿಗೆ ಕೊಡಬಹುದಾದ್ದಕ್ಕೂ ಪ್ರಾಣ ಹೋದರೂ ಕೊಡಬಾರದ್ದಕ್ಕೂ ಹೆಸರಿನಲ್ಲಿ ಇರುವ ವ್ಯತ್ಯಾಸ ನಾಲ್ಕು ಅಕ್ಷರ. ಸಾಲದ್ದಕ್ಕೆ, ಫೈಲಿನ ಒಳಗಿರುವುದನ್ನು ತೋರಿಸುವ ಕ್ಯಾಟ್ ಕಮಾಂಡ್ ಬರೆದು ಟ್ಯಾಬ್ ಒತ್ತಿದರೆ ಹೆಸರು ತಾನಾಗೇ ತುಂಬಿಕೊಂಡು ಬಂದು ಡಾಟ್ ಪಬ್‌ಗೆ ಮೊದಲೇ ನಿಲ್ಲುತ್ತದೆ. ಅಲ್ಲಿಯವರೆಗೆ ಎರಡೂ ಒಂದೇ ಅಲ್ವಾ.

ನಾನು ಅಲ್ಲೇ ಎಂಟರ್ ಒತ್ತಿದೆ. ಒಂದು ಸಂಜೆ, ಹೊಸ ಕೆಲಸ, ‘ನಿಮ್ಮ ಪಬ್ಲಿಕ್ ಕೀ ಕಳಿಸಿ’ ಅಂತ ಕೇಳಿದ್ದರು. ಪರದೆ ಮೇಲೆ ಬಂದದ್ದನ್ನು ಪೂರ್ತಿ ಆರಿಸಿ ಹದಿನಾಲ್ಕು ಜನರಿದ್ದ ತಂಡದ ಚಾಟ್‌ಗೆ ಹಾಕಿದೆ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನನಗಿಂತ ಚಿಕ್ಕ ಹುಡುಗಿಯೊಬ್ಬಳು ಬೇರೆಯಾಗಿ ಮೆಸೇಜ್ ಮಾಡಿದಳು, ‘ಸರ್, ಮೊದಲನೇ ಸಾಲು ಒಂದು ಸಲ ಓದಿ ನೋಡ್ತೀರಾ?’ ಓದಿದೆ. ‘ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ’. ಅಷ್ಟು ದೊಡ್ಡ ಅಕ್ಷರದಲ್ಲಿ, ಎರಡೂ ಕಡೆ ಗೆರೆ ಎಳೆದು, ಕಣ್ಣಿಗೆ ಕುಕ್ಕುವ ಹಾಗೆ. ಮೆಸೇಜ್ ಅಳಿಸಿದೆ. ‘ಅಳಿಸಿದರೆ ಸಾಲದು ಸರ್, ಕೀಯನ್ನೇ ಬದಲಿಸಿ’ ಅಂದಳು. ಸರಿಯಾಗೇ ಹೇಳಿದಳು. ಒಮ್ಮೆ ಹೊರಗೆ ಹೋದ ಪ್ರೈವೇಟ್ ಕೀ ವಾಪಸ್ ಬರುವುದಿಲ್ಲ. ಹದಿನಾಲ್ಕು ಫೋನ್‌ಗಳ ನೋಟಿಫಿಕೇಶನ್‌ನಲ್ಲಿ ಅದಾಗಲೇ ಕೂತಿತ್ತು.

ಹಾಗಾಗಿ ಕಣ್ಣಿಗೆ ಅಭ್ಯಾಸ ಮಾಡಿಸಿ. ಪಬ್ಲಿಕ್ ಕೀ ಅಂದರೆ ಒಂದೇ ಸಾಲು. ಮೊದಲು ಎಸ್‌ಎಸ್‌ಎಚ್-ಇಡಿ25519 ಅನ್ನುವ ಪದ, ಆಮೇಲೆ 68 ಅಕ್ಷರ, ಆಮೇಲೆ ನಿಮ್ಮ ಚೀಟಿ. ಹಲವು ಸಾಲು ಕಂಡರೆ, ‘ಬಿಗಿನ್’ ಕಂಡರೆ, ಕೈ ಹಿಂದೆ ತೆಗೆಯಿರಿ. ಇನ್ನೊಂದು ತಮಾಷೆ. ಆ 68ರಲ್ಲಿ ಮೊದಲ 25 ಅಕ್ಷರ ಲೋಕದ ಎಲ್ಲರ ಇಡಿ25519 ಕೀಗೂ ಒಂದೇ. ಬಗೆಯ ಹೆಸರು ಮತ್ತು ಅಳತೆ ಅಲ್ಲಿ ಅಡಗಿ ಕೂತಿರುತ್ತವೆ. ಎರಡು ಕೀ ಒಂದೇನಾ ಅಂತ ಹೋಲಿಸುವಾಗ ತಲೆ ನೋಡಬೇಡಿ, ಬಾಲ ನೋಡಿ.

ಆ ಒಂದು ಸಾಲನ್ನು ಗಿಟ್‌ಹಬ್ ಆಗಲಿ ಗಿಟ್‌ಲ್ಯಾಬ್ ಆಗಲಿ, ಸೆಟ್ಟಿಂಗ್ಸ್‌ನ ಎಸ್‌ಎಸ್‌ಎಚ್ ಕೀಗಳ ಪುಟದಲ್ಲಿ ಪೇಸ್ಟ್ ಮಾಡಿ. ಹೆಸರು ಕೊಡಿ. ಮುಗಿಯಿತು.

ಮೊದಲ ಸಲ ಸಂಪರ್ಕ ಮಾಡಿದಾಗ ಒಂದು ಪ್ರಶ್ನೆ ಬರುತ್ತದೆ. ‘ಈ ಹೋಸ್ಟ್ ಯಾರು ಅಂತ ನನಗೆ ಗೊತ್ತಿಲ್ಲ, ಇದರ ಫಿಂಗರ್‌ಪ್ರಿಂಟ್ ಹೀಗಿದೆ, ಮುಂದುವರಿಯಲಾ?’ ಎಲ್ಲರೂ ಯೆಸ್ ಅನ್ನುತ್ತೀರಿ. ನಿಲ್ಲಿ. ಇಷ್ಟು ಹೊತ್ತು ನೀವು ಯಾರು ಅಂತ ಸಾಬೀತು ಮಾಡುವುದು ಹೇಗೆ ಅಂತ ನೋಡಿದೆವು. ಇದು ಉಲ್ಟಾ ಪ್ರಶ್ನೆ. ಎದುರಿಗಿರುವುದು ನಿಜವಾದ ಸರ್ವರೇನಾ? ಅದಕ್ಕೂ ತನ್ನದೇ ಒಂದು ಜೊತೆ ಕೀ ಇರುತ್ತದೆ. ನೀವು ಒಮ್ಮೆ ಯೆಸ್ ಅಂದರೆ ಅದರ ಗುರುತನ್ನು ನೋನ್ ಅಂಡರ್‌ಸ್ಕೋರ್ ಹೋಸ್ಟ್ಸ್ ಅನ್ನುವ ಫೈಲಿನಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲದಿಂದ ತಾನೇ ಹೋಲಿಸುತ್ತದೆ. ಇಡೀ ಭದ್ರತೆ ಆ ಮೊದಲ ಯೆಸ್ ಮೇಲೆ ನಿಂತಿದೆ. ಗಿಟ್‌ಹಬ್ ತನ್ನ ಫಿಂಗರ್‌ಪ್ರಿಂಟ್‌ಗಳನ್ನು ವೆಬ್‌ಸೈಟಿನಲ್ಲಿ ಪ್ರಕಟಿಸಿದೆ. ಅಷ್ಟುದ್ದ ಅಕ್ಷರಗಳನ್ನು ಕಣ್ಣಲ್ಲಿ ಹೋಲಿಸಲು ಬೇಜಾರಾದರೆ ಒಂದು ಉಪಾಯ ಇದೆ. ಯೆಸ್ ಅಂತ ಟೈಪ್ ಮಾಡುವ ಜಾಗದಲ್ಲಿ ವೆಬ್‌ಸೈಟಿನಿಂದ ಕಾಪಿ ಮಾಡಿದ ಫಿಂಗರ್‌ಪ್ರಿಂಟನ್ನೇ ಪೇಸ್ಟ್ ಮಾಡಿ. ತಾಳೆಯಾದರೆ ಮಾತ್ರ ಒಳಗೆ ಬಿಡುತ್ತದೆ. ಈಚಿನ ಓಪನ್‌ಎಸ್‌ಎಸ್‌ಎಚ್‌ಗಳಲ್ಲಿ ಆ ಪ್ರಶ್ನೆಯ ಕೊನೆಗೇ ಅದನ್ನು ಬರೆದಿರುತ್ತಾರೆ. ನಾವು ಓದುವುದಿಲ್ಲ, ಅಷ್ಟೇ.

ಇದು ಬರೀ ಪುಸ್ತಕದ ಬದನೆಕಾಯಿ ಅನ್ನಿಸಿದರೆ, 2023ರ ಮಾರ್ಚ್ 24 ನೆನಪಿಡಿ. ಗಿಟ್‌ಹಬ್‌ನ ಸ್ವಂತ ಆರ್‌ಎಸ್‌ಎ ಹೋಸ್ಟ್ ಪ್ರೈವೇಟ್ ಕೀ ಸ್ವಲ್ಪ ಹೊತ್ತು ಒಂದು ಪಬ್ಲಿಕ್ ರೆಪಾಸಿಟರಿಯಲ್ಲಿ, ಅಂದರೆ ಕೋಡ್ ಕಣಜದಲ್ಲಿ, ಎಲ್ಲರಿಗೂ ಕಾಣುವಂತೆ ಬಿದ್ದಿತ್ತು. ಅವರು ಅದನ್ನು ಬದಲಿಸಿದರು. ಬೆಳಗ್ಗೆ ಎದ್ದು ಪುಲ್ ಮಾಡಿ ಕೋಡ್ ತರಿಸಿಕೊಳ್ಳಲು ಹೋದವರಿಗೆ ಪರದೆ ತುಂಬ ಎಚ್ಚರಿಕೆ, ‘ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್’. ಆರ್‌ಎಸ್‌ಎ ಹೋಸ್ಟ್ ಕೀ ಮೂಲಕ ಹೋಗುತ್ತಿದ್ದವರಿಗೆ ಮಾತ್ರ ಇದು, ಇಡಿ25519ನವರಿಗೆ ಏನೂ ಆಗಲಿಲ್ಲ. ಇಂಥ ಎಚ್ಚರಿಕೆ ಬಂದರೆ ಮೊದಲು ಆ ಸರ್ವರ್ ನಡೆಸುವವರು ಏನು ಹೇಳಿದ್ದಾರೆ ನೋಡಿ. ನಿಜವಾಗಿ ಬದಲಾಗಿದ್ದರೆ ಎಸ್‌ಎಸ್‌ಎಚ್-ಕೀಜೆನ್ ಹೈಫನ್ ದೊಡ್ಡ ಆರ್ ಕೊಟ್ಟು ಹಳೇ ಗುರುತು ತೆಗೆಯಿರಿ. ಹೋಲಿಕೆಯನ್ನೇ ಆಫ್ ಮಾಡುವ ಸಲಹೆ ಯಾರಾದರೂ ಕೊಟ್ಟರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಪರೀಕ್ಷೆಗೆ ಎಸ್‌ಎಸ್‌ಎಚ್ ಹೈಫನ್ ದೊಡ್ಡ ಟಿ, ಗಿಟ್ ಅಟ್ ಗಿಟ್‌ಹಬ್ ಡಾಟ್ ಕಾಮ್. ಇಲ್ಲಿ ನಿಮ್ಮ ಯೂಸರ್ ನೇಮ್ ಹಾಕಬೇಡಿ. ಎಲ್ಲರೂ ‘ಗಿಟ್’ ಅನ್ನುವ ಒಂದೇ ಹೆಸರಿನಲ್ಲಿ ಬಾಗಿಲು ತಟ್ಟುತ್ತಾರೆ. ಹಾಗಾದರೆ ನೀವು ಯಾರು ಅಂತ ಗೊತ್ತಾಗುವುದು ಹೇಗೆ? ಕೀಯಿಂದಲೇ. ಅದಕ್ಕೇ ಒಂದೇ ಪಬ್ಲಿಕ್ ಕೀಯನ್ನು ಎರಡು ಅಕೌಂಟಿಗೆ ಹಾಕಲು ಹೋದರೆ ‘ಈಗಾಗಲೇ ಬಳಕೆಯಲ್ಲಿದೆ’ ಅಂತ ತಳ್ಳುತ್ತದೆ. ಎಲ್ಲ ಸರಿ ಇದ್ದರೆ ನಿಮ್ಮ ಹೆಸರು ಹಿಡಿದು ‘ಹಾಯ್’ ಅಂದು, ಶೆಲ್, ಅಂದರೆ ಕಮಾಂಡ್ ಹೊಡೆಯುವ ಜಾಗ, ಮಾತ್ರ ಕೊಡುವುದಿಲ್ಲ ಅನ್ನುತ್ತದೆ. ಆ ಎರಡನೇ ಮಾತು ನೋಡಿ ಹೆದರಬೇಡಿ, ಅದು ಯಶಸ್ಸು.

ಪರೀಕ್ಷೆ ಪಾಸು, ಆದರೂ ಪುಶ್ ಮಾಡಿದರೆ ಪಾಸ್‌ವರ್ಡ್ ಕೇಳುತ್ತದೆ ಅಂದರೆ ನಿಮ್ಮ ರೆಪಾಸಿಟರಿಯ ರಿಮೋಟ್ ವಿಳಾಸ ಇನ್ನೂ ಎಚ್‌ಟಿಟಿಪಿಎಸ್‌ನಲ್ಲೇ ಇದೆ. ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಕೊಟ್ಟು ಎಸ್‌ಎಸ್‌ಎಚ್ ವಿಳಾಸಕ್ಕೆ ಬದಲಿಸಿ. ಇದೊಂದಕ್ಕೇ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ. ನೆಟ್‌ವರ್ಕಿನವರು ಎಸ್‌ಎಸ್‌ಎಚ್ ಓಡಾಡುವ 22ನೇ ಪೋರ್ಟ್ ಮುಚ್ಚಿದ್ದರೆ ಗಿಟ್‌ಹಬ್ 443ರಲ್ಲೂ ಎಸ್‌ಎಸ್‌ಎಚ್ ಕೊಡುತ್ತದೆ, ಹೋಸ್ಟ್ ಹೆಸರಿನ ಮುಂದೆ ಎಸ್‌ಎಸ್‌ಎಚ್ ಡಾಟ್ ಸೇರಿಸಿ.

‘ಪರ್ಮಿಷನ್ ಡಿನೈಡ್’ ಬಂದರೆ ಅಂದಾಜಿನ ಮೇಲೆ ಹೊಸ ಕೀ ಮಾಡುತ್ತಾ ಹೋಗಬೇಡಿ. ಅದೇ ಪರೀಕ್ಷೆಯ ಕಮಾಂಡಿಗೆ ಹೈಫನ್ ವಿ ಸೇರಿಸಿ. ಉದ್ದನೆಯ ಕಥೆ ಹೇಳುತ್ತದೆ. ಅದರಲ್ಲಿ ‘ಆಫರಿಂಗ್’ ಅನ್ನುವ ಸಾಲುಗಳನ್ನು ಮಾತ್ರ ಹುಡುಕಿ. ಯಾವ ಕೀಯನ್ನು ಸರ್ವರ್ ಮುಂದೆ ಇಟ್ಟೆ ಅಂತ ಅಲ್ಲಿ ಇರುತ್ತದೆ. ನಿಮ್ಮ ಕೀ ಅಲ್ಲಿ ಇಲ್ಲವೇ ಇಲ್ಲ ಅಂದರೆ ತೊಂದರೆ ನಿಮ್ಮ ಕಡೆ. ಇದ್ದೂ ಒಪ್ಪಲಿಲ್ಲ ಅಂದರೆ ಬೀಗ ಆ ಬಾಗಿಲಿಗೆ ಹಾಕಿಲ್ಲ. ಈ ಎರಡನ್ನು ಬೇರೆ ಮಾಡಿಕೊಂಡರೆ ಮುಕ್ಕಾಲು ಕೆಲಸ ಆಯಿತು.

ಇನ್ನೊಂದು ಎಚ್ಚರಿಕೆ, ‘ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್’. ಫೈಲನ್ನು ನಿಮ್ಮನ್ನು ಬಿಟ್ಟು ಬೇರೆಯವರೂ ಓದಬಹುದಾದರೆ ಎಸ್‌ಎಸ್‌ಎಚ್ ಆ ಕೀ ಮುಟ್ಟುವುದೇ ಇಲ್ಲ. ಫೈಲಿನ ಅನುಮತಿ ಬದಲಿಸುವ ಸಿಎಚ್‌ಮಾಡ್ 600 ಕೊಟ್ಟರೆ ಸರಿಹೋಗುತ್ತದೆ, ಫೋಲ್ಡರ್‌ಗೆ 700. ಆದರೆ ನಾನು ಕೇಳುವುದು ಬೇರೆ. ಕೀಜೆನ್ ಮಾಡಿದ ಫೈಲಿಗೆ ಹುಟ್ಟುವಾಗಲೇ 600 ಇರುತ್ತದೆ. ಅದು ಬದಲಾಗಿದ್ದು ಹೇಗೆ? ಸಾಮಾನ್ಯವಾಗಿ ಪೆನ್‌ಡ್ರೈವ್‌ನಲ್ಲಿ ಒಂದು ಸುತ್ತು ಹಾಕಿ ಬಂದಿರುತ್ತದೆ. ಆ ಎಚ್ಚರಿಕೆ ನಿಮ್ಮ ಕೀಯ ಪ್ರವಾಸ ಕಥನ.

ಎರಡು ಅಕೌಂಟ್ ಇರುವವರು, ಸ್ವಂತದ್ದು ಒಂದು ಆಫೀಸಿನದ್ದು ಒಂದು, ಡಾಟ್ ಎಸ್‌ಎಸ್‌ಎಚ್‌ನಲ್ಲಿ ಕಾನ್ಫಿಗ್ ಅನ್ನುವ ಫೈಲ್ ಮಾಡಿ. ಹೋಸ್ಟ್ ಅನ್ನುವ ಕಡೆ ನೀವೇ ಇಟ್ಟ ಅಡ್ಡಹೆಸರು, ‘ಗಿಟ್‌ಹಬ್-ಆಫೀಸ್’ ಅಂತ. ಕೆಳಗೆ ಹೋಸ್ಟ್‌ನೇಮ್ ನಿಜವಾದ ವಿಳಾಸ, ಯೂಸರ್ ಗಿಟ್, ಐಡೆಂಟಿಟಿಫೈಲ್ ಆಫೀಸಿನ ಕೀ. ಕೊನೆಯ ಸಾಲು ಮರೆಯಬೇಡಿ, ಐಡೆಂಟಿಟೀಸ್‌ಓನ್ಲಿ ಯೆಸ್. ಅದಿಲ್ಲದಿದ್ದರೆ ಏಜೆಂಟಿನಲ್ಲಿರುವ ಕೀಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತಾ ಹೋಗಿ, ಮೊದಲು ಯಾವುದು ಹಿಡಿಸಿತೋ ಆ ಅಕೌಂಟ್ ಆಗಿ ಒಳಗೆ ಹೋಗುತ್ತದೆ. ಆಮೇಲೆ ‘ರೆಪಾಸಿಟರಿ ಸಿಗಲಿಲ್ಲ’ ಅನ್ನುತ್ತದೆ. ರೆಪಾಸಿಟರಿ ಅಲ್ಲೇ ಇದೆ. ಒಳಗೆ ಹೋದವರು ಬೇರೆ, ಅಷ್ಟೇ.

ಏಜೆಂಟ್ ಅಂದೆ. ಪಾಸ್‌ಫ್ರೇಸ್ ಪ್ರತಿ ಸಲ ಹೊಡೆಯುವುದು ಕಿರಿಕಿರಿ ಅನ್ನುವವರಿಗೆ ಎಸ್‌ಎಸ್‌ಎಚ್-ಏಜೆಂಟ್ ಇದೆ. ಬೆಳಗ್ಗೆ ಎಸ್‌ಎಸ್‌ಎಚ್-ಆ್ಯಡ್ ಕೊಟ್ಟು ಒಮ್ಮೆ ಪಾಸ್‌ಫ್ರೇಸ್ ಹೇಳಿದರೆ ಕೀಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಕೇಳಿದಾಗಲೆಲ್ಲ ಸಹಿ ಹಾಕಿಕೊಡುತ್ತದೆ. ಹೈಫನ್ ಟಿ ಜೊತೆ ಹೊತ್ತು ಹೇಳಿದರೆ ಅಷ್ಟು ಹೊತ್ತಿನ ಮೇಲೆ ಮರೆಯುತ್ತದೆ. ತುಂಬಾ ಒಳ್ಳೆಯ ಆಳು. ಆದರೆ ಅದನ್ನು ಪರರ ಮನೆಗೆ ಕಳಿಸಬೇಡಿ. ಏಜೆಂಟ್ ಫಾರ್ವರ್ಡಿಂಗ್ ಅಂತ ಒಂದು ಸೌಲಭ್ಯ ಇದೆ. ದೂರದ ಸರ್ವರ್‌ನಲ್ಲಿ ಕೂತು ನಿಮ್ಮ ಲ್ಯಾಪ್‌ಟಾಪಿನ ಕೀಯಿಂದ ಸಹಿ ಹಾಕಿಸಬಹುದು. ಕೀ ಪ್ರಯಾಣ ಮಾಡುವುದಿಲ್ಲ ನಿಜ, ಆದರೆ ಸಹಿ ಹಾಕಿಸುವ ಅಧಿಕಾರ ಪ್ರಯಾಣ ಮಾಡಿತು. ಆ ಸರ್ವರ್‌ನಲ್ಲಿ ರೂಟ್ ಆಗಿರುವ, ಅಂದರೆ ಪೂರ್ತಿ ಅಧಿಕಾರ ಇರುವ, ಯಾರಾದರೂ ನೀವು ಅಲ್ಲಿರುವಷ್ಟು ಹೊತ್ತು ನಿಮ್ಮ ಹೆಸರಲ್ಲಿ ಸಹಿ ಹಾಕಿಸಬಹುದು. 2019ರ ಏಪ್ರಿಲ್‌ನಲ್ಲಿ ಚಾಟ್ ಸೇವೆಯಾದ ಮ್ಯಾಟ್ರಿಕ್ಸ್ ಡಾಟ್ ಆರ್ಗ್ ಒಳಗೆ ನುಗ್ಗಿದವನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹಾರಿದ್ದು ಇದೇ ದಾರಿಯಲ್ಲಿ. ನಡುವಿನ ಯಂತ್ರ ದಾಟಿ ಹೋಗಬೇಕಾದರೆ ಪ್ರಾಕ್ಸಿಜಂಪ್ ಬಳಸಿ, ಅದರಲ್ಲಿ ನಡುವಿನವನ ಕೈಗೆ ಏನೂ ಸಿಗುವುದಿಲ್ಲ.

ಪ್ರಶ್ನೆಗಳಿಗೆ ಬರೋಣ.

‘ಲ್ಯಾಪ್‌ಟಾಪ್ ಕಳೆದುಹೋದರೆ ಕೀ ಬ್ಯಾಕಪ್ ಬೇಡವಾ ಸರ್?’ ಬೇಡ. ಶಕುಂತಲೆಗೆ ಉಂಗುರ ಒಂದೇ ಇತ್ತು, ಕಳೆದ ಮೇಲೆ ಮೀನುಗಾರ ಬರುವವರೆಗೆ ಕಾಯಬೇಕಾಯಿತು. ನಿಮಗೆ ಆ ಗತಿ ಇಲ್ಲ. ವೆಬ್‌ಸೈಟಿಗೆ ಲಾಗಿನ್ ಆಗಿ ಹಳೇ ಬೀಗ ತೆಗೆಯಿರಿ, ಹೊಸ ಯಂತ್ರದಲ್ಲಿ ಹೊಸ ಜೊತೆ ಮಾಡಿ ಹೊಸ ಬೀಗ ಹಾಕಿ. ಐದು ನಿಮಿಷ. ಒಂದು ಯಂತ್ರಕ್ಕೆ ಒಂದು ಕೀ ಇದ್ದರೆ ಇದು ಸುಲಭ. ನಾಲ್ಕು ಯಂತ್ರಕ್ಕೆ ಒಂದೇ ಕೀ ಹಂಚಿದ್ದರೆ ನಾಲ್ಕನ್ನೂ ಮುಟ್ಟಬೇಕು. ಕೀ ಕಳೆದುಹೋಗುವುದು ತೊಂದರೆಯಲ್ಲ, ಇನ್ನೊಬ್ಬರಿಗೆ ಸಿಗುವುದು ತೊಂದರೆ.

‘ಸರ್ವರ್‌ಗೆ ಕೋಡ್ ಇಳಿಸಬೇಕು, ನನ್ನ ಕೀ ಅಲ್ಲಿ ಇಡಬಹುದಾ?’ ಖಂಡಿತ ಬೇಡ. ಆ ಸರ್ವರ್‌ನಲ್ಲೇ ಒಂದು ಕೀ ಮಾಡಿ, ಅದರ ಪಬ್ಲಿಕ್ ಭಾಗವನ್ನು ಆ ಒಂದು ರೆಪಾಸಿಟರಿಗೆ ಮಾತ್ರ ಡಿಪ್ಲಾಯ್ ಕೀ ಆಗಿ ಹಾಕಿ. ಬರೆಯುವ ಅನುಮತಿ ನೀವಾಗಿ ಕೊಡದಿದ್ದರೆ ಅದು ಓದಲಷ್ಟೇ ಬಲ್ಲದು.

‘ಕಮಿಟ್‌ನಲ್ಲಿ ಬರುವ ಹೆಸರು ಕೀಯಿಂದ ಬರುತ್ತದಾ?’ ಒಳ್ಳೆ ಪ್ರಶ್ನೆ. ಇಲ್ಲ. ಕಮಿಟ್ ಅಂದರೆ ಗಿಟ್ ದಾಖಲಿಸಿದ ಒಂದು ಬದಲಾವಣೆ, ಅಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು, ಗಿಟ್ ನಂಬುತ್ತದೆ. ಕೀ ಹೇಳುವುದು ಬಾಗಿಲಲ್ಲಿ ಬಂದವರು ಯಾರು ಅಂತ ಮಾತ್ರ. ಕಮಿಟ್‌ಗೇ ಸಹಿ ಬೇಕಾದರೆ ಬೇರೆಯಾಗಿ ಹಾಕಬೇಕು. 2021ರ ನವೆಂಬರ್‌ನಲ್ಲಿ ಬಂದ ಗಿಟ್ 2.34ರಿಂದ ಅದಕ್ಕೂ ಎಸ್‌ಎಸ್‌ಎಚ್ ಕೀ ಸಾಕು.

ಯುಎಸ್‌ಬಿ ಸೆಕ್ಯೂರಿಟಿ ಕೀ ಇರುವವರು ಇಡಿ25519-ಎಸ್‌ಕೆ ಅನ್ನುವ ಬಗೆ ನೋಡಿ, 2020ರಿಂದ ಇದೆ. ಫೈಲ್ ಕದ್ದರೂ ಆ ತುಂಡು ಕೈಯಲ್ಲಿ ಇಲ್ಲದೆ ಸಹಿ ಆಗುವುದಿಲ್ಲ, ಬೆರಳಿಂದ ಮುಟ್ಟಬೇಕು.

ಕೊನೆಗೆ ಎಲ್ಲರಿಗೂ ಅವರವರ ಅಕೌಂಟಿನ ಕೀ ಪುಟ ತೆರೆಯಲು ಹೇಳಿದೆ. ಮೂರನೇ ಸಾಲಿನ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡೇ ಮುಂದೆ ಬಂದ. ಎರಡು ಕೀ ಇದ್ದವು. ಒಂದು ಅವನ ಲ್ಯಾಪ್‌ಟಾಪಿನದು. ಇನ್ನೊಂದರ ಹೆಸರು ‘ಲ್ಯಾಬ್ ಪಿಸಿ’. ಪಾಸ್‌ಫ್ರೇಸ್ ಹಾಕಿದ್ಯಾ ಅಂದೆ. ಇಲ್ಲ ಸರ್ ಅಂದ. ಆ ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್ ಅಂತೆ. ಕೊನೆಯ ಸಲ ಅಲ್ಲಿ ಕೂತಿದ್ದು ಯಾವಾಗ ಅಂದೆ. ಹೋದ ಸೆಮಿಸ್ಟರ್‌ನಲ್ಲಿ ಅಂದ.

ಕೀಯ ಹೆಸರಿನ ಕೆಳಗೆ ಸಣ್ಣ ಬೂದು ಅಕ್ಷರದಲ್ಲಿ ಕೊನೆಯ ಬಳಕೆ ಬರೆದಿರುತ್ತದೆ. ‘ಕಳೆದ ಒಂದು ವಾರದೊಳಗೆ’ ಅಂತ ಇತ್ತು. ಇಬ್ಬರೂ ಅದನ್ನು ಎರಡು ಸಲ ಓದಿದೆವು. ಅವನು ಏನೂ ಮಾತಾಡದೆ ಡಿಲೀಟ್ ಒತ್ತಿ, ಅಲ್ಲೇ ನೆಲದ ಮೇಲೆ ಕೂತು, ತನ್ನ ರೆಪಾಸಿಟರಿಗಳನ್ನು ಒಂದೊಂದಾಗಿ ತೆರೆದು ನೋಡಲು ಶುರು ಮಾಡಿದ.